ಪ್ಯಾರಿಬಿ ಹೇಳುವ ಪಿಚ್ಚರು

"ಗುರಮ್ಮಾ, ಸಗಣಿ ಸಾಲಾಂಗಿಲ್ಲ ಬೇ! ಇನ್ನೊಂದು ಬುಟ್ಟಿ ತಾ, ಜಲ್ದಿ!"

ಅವ್ವ ಸಾಬಮ್ಮನ ಕೂಗು ಕೇಳಿದ್ದೇ ಗುರಮ್ಮ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದಳು. ಆಳಂದದ ಸಂತೆ ಬಯಲಿನಲ್ಲಿ ಅಂದು ಸಂತೆ ಇರಲಿಲ್ಲ. ಆದರೂ ಅರ್ಧ ಊರು ಅಲ್ಲೇ ಇತ್ತು.

ಗಂಡಸರು ಜಾಲಿಗಿಡ ಕಡಿದು ಅಂಚಿಗೆ ಎಳೆದು ಹಾಕುತ್ತಿದ್ದರು. ಕೆಲವರು ಡೇರೆಯ ಕಂಬ ಹುಗಿಯಲು ಗುಂಡಿ ತೋಡುತ್ತಿದ್ದರು. ಹೆಂಗಸರು ಬಯಲಿನ ಎಡಗಡೆ ಸಾಲಾಗಿ ಕೂತು ನೆಲ ಸಾರಿಸುತ್ತಿದ್ದರು. ಎಡಗಡೆ ಹೆಂಗಸರದು. ನಾಳೆ ಸಂಜೆ ಅಲ್ಲಿ ಕೂತು ಪಿಚ್ಚರು ನೋಡುವಾಗ ಸೀರೆಗೆ ಧೂಳು ಹತ್ತಬಾರದಲ್ಲ!

ಪ್ರತಿ ವರ್ಷ ಜೋಳಕ್ಕೆ ತೆನೆ ಬರುವ ಹೊತ್ತಿಗೆ ದೇವಿಂದ್ರಪ್ಪ ಎಂಬವರು ಗುಲ್ಬರ್ಗಾದಿಂದ ಟೂರಿಂಗ್ ಟಾಕೀಜು ತರುತ್ತಿದ್ದರು. ಒಂದು ಬಂಡಿಯಲ್ಲಿ ಡೇರೆ, ಇನ್ನೊಂದರಲ್ಲಿ ಇಂಜಿನ್ನು, ಮತ್ತೊಂದರಲ್ಲಿ ಮಷೀನು ಮತ್ತು ರೀಲಿನ ಡಬ್ಬಿಗಳು. ಐದು ದಿನ, ದಿನಕ್ಕೊಂದು ಪಿಚ್ಚರು. ಊರವರು ಅದನ್ನು ಪಿಚ್ಚರಿನ ಹಬ್ಬ ಎಂದೇ ಕರೆಯುತ್ತಿದ್ದರು. ಹೋದ ವರ್ಷ ಹಬ್ಬ ಆಗಿರಲಿಲ್ಲ. ಊರೂರಿನಲ್ಲಿ ಗದ್ದಲವಿದ್ದುದರಿಂದ ಬಂಡಿಗಳು ದಾರಿಗೆ ಇಳಿದಿರಲೇ ಇಲ್ಲ. ಹಾಗಾಗಿ ಈ ಸಲ ಜನಕ್ಕೆ ಎರಡು ವರ್ಷದ ಹಸಿವು.

"ಈ ಸಲ ಹನ್ನೆರಡು ಹಾಡು ಇರೋ ಪಿಚ್ಚರ್ ಬಂದದಂತ!" ಎಂದಳು ಗುರಮ್ಮನ ಗೆಳತಿ ಚಂದಮ್ಮ. ಅವಳ ಮೂಗಿನ ತುದಿಗೂ ಸಗಣಿ ಹತ್ತಿತ್ತು.

"ಹಾಡು ಇರಲಿ. ಮಾತು ಯಾರು ಹೇಳ್ತಾರ ನಮಗ?" ಎಂದು ಹಿಂದಿನಿಂದ ಒಬ್ಬಳು ಕೇಳಿದಳು.

ಸಾರಿಸುತ್ತಿದ್ದ ಕೈಗಳೆಲ್ಲ ಒಂದು ಗಳಿಗೆ ನಿಂತವು.

ಬರುವ ಪಿಚ್ಚರುಗಳೆಲ್ಲ ಉರ್ದು ಮಾತಿನವು. ಬಜಾರಿನಲ್ಲಿ ಕೊಡುವ ತಗೊಳ್ಳುವ ಉರ್ದು ಎಲ್ಲರಿಗೂ ಬರುತ್ತಿತ್ತು. ಪಿಚ್ಚರಿನ ಉರ್ದು ಬೇರೆ. ಅದನ್ನು ಬಿಡಿಸಿ ಹೇಳಲು ಪ್ಯಾರಿಬಿ ಬೇಕು. ದರ್ಗಾದ ಓಣಿಯ ಪ್ಯಾರಿಬಿಗೆ ಉರ್ದುವೂ ನೀರು, ಕನ್ನಡವೂ ನೀರು. ಪ್ರತಿ ವರ್ಷ ಅವಳು ಹೆಂಗಸರ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಬಿಳಿ ಪರದೆಯ ಮೇಲೆ ಯಾರು ಏನು ಅಂದರೂ ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ಕೆಟ್ಟವನು ಬಂದರೆ ಅವನು ಬಾಯಿ ತೆರೆಯುವ ಮೊದಲೇ ಇವಳು ಬೈಯುತ್ತಿದ್ದಳು. ಬಿದಿರು ತಟ್ಟಿಯ ಆಚೆ ಕೂತ ಗಂಡಸರು ಕೂಡ ಕಿವಿಯನ್ನು ಈ ಕಡೆಗೇ ಇಟ್ಟಿರುತ್ತಿದ್ದರು.

"ಪ್ಯಾರಿಬಿ ಚಾಚಿ ಹೇಳ್ತಾರಲ್ಲ?" ಎಂದಳು ಗುರಮ್ಮ.

"ಆಕಿ ಬರಾಂಗಿಲ್ಲ ತಗೀ," ಎಂದಳು ಅವ್ವ.

"ಯಾಕ ಬರಾಂಗಿಲ್ಲ?"

"ನಿನಗ ತಿಳ್ಯಾಂಗಿಲ್ಲ. ಸುಮ್ಮನ ಸಾರಸು."

ಮೂರು ತಿಂಗಳ ಹಿಂದೆ ನಿಜಾಮರ ಆಳಿಕೆ ಮುಗಿದು ಹಿಂದುಸ್ತಾನದ ಸರಕಾರ ಬಂದಿತ್ತು. ಅದಕ್ಕೆ ಮೊದಲು ಊರಿನಲ್ಲಿ ಕೆಲವರಿಗೆ ಹೆದರಿಕೆ. ಕತ್ತಲಾದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆಮೇಲೆ ದರ್ಗಾದ ಓಣಿಯವರಿಗೆ ಹೆದರಿಕೆ. ಅವರು ಹಗಲಿನಲ್ಲೂ ಬಾಗಿಲು ತೆಗೆಯಲಿಲ್ಲ. ಈಗ ಎಲ್ಲ ತಣ್ಣಗಾಗಿತ್ತು. ಆದರೂ ಪ್ಯಾರಿಬಿ ನೀರಿಗೆ ಯಾರೂ ಇಲ್ಲದ ಹೊತ್ತು ನೋಡಿ ಬರುತ್ತಿದ್ದಳು. ತಲೆ ಬಗ್ಗಿಸಿ ಕೊಡ ತುಂಬಿಕೊಂಡು ಹೋಗಿಬಿಡುತ್ತಿದ್ದಳು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ಗುರಮ್ಮನಿಗೆ ಏನಾಯಿತೋ, ಸಗಣಿಗೈ ಮೇಲೆತ್ತಿ ಹೇಳಿಬಿಟ್ಟಳು: "ನಾ ಹೇಳ್ತೇನಿ!"

"ನೀನಾ?" ಚಂದಮ್ಮ ಕಣ್ಣು ಅಗಲಿಸಿದಳು.

"ಯಾಕ? ಸಾಲ್ಯಾಗ ಉರ್ದು ಓದೂದ್ರಾಗ ಯಾರು ಫಸ್ಟ್? ನಾನೇ ಅಲ್ಲೇನು?"

ಅದು ನಿಜವಾಗಿತ್ತು. ನಾಲ್ಕನೇ ತರಗತಿಯಲ್ಲಿ ಗುರಮ್ಮನಷ್ಟು ಸರಸರ ಉರ್ದು ಓದುವವರು ಇರಲಿಲ್ಲ. ಹೆಂಗಸರಿಗೆ ಸಮಾಧಾನವಾಯಿತು. "ಬೇಷಾತು ಬಿಡು! ಸಾಬಮ್ಮನ ಮಗಳು ಹೇಳ್ತಾಳಂತ!" ಎಂದು ಮತ್ತೆ ಸಾರಿಸಲು ಕೂತರು. ಗುರಮ್ಮ ಇನ್ನೊಂದು ಬುಟ್ಟಿ ಸಗಣಿ ತರಲು ಹೋದಾಗ ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಅಂದು ಮಧ್ಯಾಹ್ನವೇ ನರೋಣಾದಿಂದ ಆಯಿ ಬಂಡಿಯಲ್ಲಿ ಬಂದಿಳಿದಳು. ಆಯಿ ಎಂದರೆ ಗುರಮ್ಮನ ಅಜ್ಜಿ, ಅಪ್ಪನ ತಾಯಿ ನಿಂಬೆವ್ವ. ಎರಡೂ ಕಣ್ಣಿಗೆ ಪೊರೆ ಬಂದು ಅವಳಿಗೆ ಬೆಳಕು ಮತ್ತು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೂ ಪಿಚ್ಚರಿನ ಹಬ್ಬ ಮಾತ್ರ ತಪ್ಪಿಸುತ್ತಿರಲಿಲ್ಲ.

"ನಾ ಪಿಚ್ಚರ್ ಕಿವಿಲೇ ನೋಡಾಕಿ," ಎನ್ನುತ್ತಿದ್ದಳು. "ಪ್ಯಾರಿ ಹೇಳಾಕ ನಿಂತಳಂದ್ರ ನನಗ ಎಲ್ಲಾ ಕಾಣ್ತದ. ಸೀರಿ ಬಣ್ಣಾ ಸೈತ ಕಾಣ್ತದ."

"ಈ ಸಲ ನಾ ಹೇಳ್ತೇನಿ ಆಯಿ!" ಎಂದಳು ಗುರಮ್ಮ.

ಆಯಿ ಮೊಮ್ಮಗಳ ತಲೆ ಹುಡುಕಿ ಸವರಿದಳು. "ಹೌದೇನು? ಛಲೋ ಆತು," ಎಂದಳು.

ಅಂದಿನಿಂದಲೇ ಗುರಮ್ಮನ ಪ್ರಾಕ್ಟೀಸು ಶುರುವಾಯಿತು. ಬಳೆ ಮಾರುವ ಉಸ್ಮಾನಸಾಬ ಅಂಗಳಕ್ಕೆ ಬಂದು, "ಹರೀ ಚೂಡಿಯಾಂ, ಲಾಲ್ ಚೂಡಿಯಾಂ," ಎಂದ.

"ಹಸರ ಬಳಿ, ಕೆಂಪ ಬಳಿ ಅಂತಾರ!" ಎಂದು ಗುರಮ್ಮ ಕೂಗಿದಳು.

"ಅಷ್ಟು ನನಗೂ ತಿಳೀತದ, ಹೋಗೇ ಆ ಕಡೆ!" ಎಂದಳು ಅವ್ವ. ಉಸ್ಮಾನಸಾಬ ನಕ್ಕ.

ಮರುದಿನ ಸಂಜೆ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನರೋಣಾದವರು, ಅದರಾಚೆ ಹಳ್ಳಿಯವರು ಬಂಡಿ ಕಟ್ಟಿಕೊಂಡು ಬಂದಿದ್ದರು. ಎತ್ತುಗಳ ಕೊರಳ ಗಂಟೆ ಒಂದು ಕಡೆ, ಶೇಂಗಾ ಹುರಿಯುವ ವಾಸನೆ ಇನ್ನೊಂದು ಕಡೆ. ಇಂಜಿನ್ನು ಧಡ್ ಧಡ್ ಎಂದು ಶುರುವಾದಾಗ ಮಕ್ಕಳೆಲ್ಲ ಹೋ ಎಂದು ಕಿರುಚಿದರು.

ಹೆಂಗಸರ ನಡುವೆ, ಪ್ಯಾರಿಬಿ ಕೂರುತ್ತಿದ್ದ ಜಾಗದಲ್ಲೇ, ಗುರಮ್ಮ ಕೂತಳು. ಪಕ್ಕದಲ್ಲಿ ಆಯಿ. ಹಿಂದೆ ಅವ್ವ ಮತ್ತು ಚಂದಮ್ಮ.

ಬಿಳಿ ಪರದೆ ಬೆಳಗಿತು.

"ಇದು ದೊಡ್ಡ ಮನಿ. ಇವು ಎರಡು ಕುದುರಿ," ಎಂದು ಗುರಮ್ಮ ಗಟ್ಟಿಯಾಗಿ ಹೇಳಿದಳು.

"ಅದು ನಮಗೂ ಕಾಣಾಕತ್ತದ!" ಎಂದಳು ಚಂದಮ್ಮ.

"ನನಗ ಕಾಣಾಂಗಿಲ್ಲ. ಹೇಳು ಮಗಳಾ ನೀ," ಎಂದಳು ಆಯಿ.

ಮೊದಮೊದಲು ಚೆನ್ನಾಗಿಯೇ ನಡೆಯಿತು. ಪಿಚ್ಚರಿನವರು ನಿಧಾನವಾಗಿ ಮಾತಾಡಿದರು. "ಬಾ ಅಂತಾನ. ಕೂಡು ಅಂತಾನ. ನೀರು ಬೇಕಂತ." ಹೆಂಗಸರು ತಲೆಯಾಡಿಸಿದರು.

ಆಮೇಲೆ ಹುಡುಗ ಊರು ಬಿಟ್ಟು ಹೊರಟ. ಹುಡುಗಿ ಕಿಟಕಿಯ ಸರಳು ಹಿಡಿದು, ಕಣ್ಣು ತುಂಬಿಕೊಂಡು, ಮೆಲ್ಲಗೆ ಅಂದಳು: "ಮೈಂ ತುಮ್ಹಾರಾ ಇಂತಿಜಾರ್ ಕರೂಂಗಿ."

ಇಂತಿಜಾರ್? ಗುರಮ್ಮ ಅವಸರದಲ್ಲಿ ತಡಕಾಡಿದಳು. ಶಾಲೆಯ ಪಾಠದಲ್ಲಿ ಇಂತಿಜಾಮ್ ಎಂಬ ಮಾತು ಓದಿದ್ದಳು. ಬಂದೋಬಸ್ತು ಎಂದು ಅರ್ಥ. ಇದೂ ಅದೇ ಇರಬೇಕು.

"ನಿನ್ನ ಬಂದೋಬಸ್ತ ಮಾಡ್ತೇನಿ ಅಂತಾಳ!" ಎಂದು ಕೂಗಿದಳು.

"ಅಯ್ಯ! ಅಳ್ಕೋತ ಅಳ್ಕೋತ ಬಂದೋಬಸ್ತ ಮಾಡ್ತಾಳಂತ? ಏನ್ ಮಾಡಿದ್ದ ಪಾಪ ಆ ಹುಡುಗ?" ಎಂದು ಒಬ್ಬಳು ಕೇಳಿದಳು. ತಟ್ಟಿಯ ಆಚೆಯಿಂದ ಗಂಡಸರು ಗೊಳ್ಳೆಂದು ನಕ್ಕರು.

ಅಲ್ಲಿಂದ ಎಲ್ಲವೂ ಹಳಿ ತಪ್ಪಿತು. ಪಿಚ್ಚರಿನವರು ಮಳೆ ಸುರಿದ ಹಾಗೆ ಮಾತಾಡತೊಡಗಿದರು. ಗುರಮ್ಮ ಒಂದು ಮಾತು ಹಿಡಿಯುವಷ್ಟರಲ್ಲಿ ಹತ್ತು ಮಾತು ಹೋಗಿಬಿಡುತ್ತಿದ್ದವು. ಒಬ್ಬ ಮುದುಕ ಮಂಚದ ಮೇಲೆ ಮಲಗಿ ಕೆಮ್ಮಿ ಕಣ್ಣು ಮುಚ್ಚಿದ.

"ಮುತ್ಯಾ ಸತ್ತ," ಎಂದಳು ಗುರಮ್ಮ.

ನಾಲ್ಕಾರು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರು ಇನ್ನೂ ಒರೆಸಿಕೊಳ್ಳುತ್ತಿರುವಾಗಲೇ ಅದೇ ಮುದುಕ ಟಾಂಗಾದಲ್ಲಿ ಕೂತು ಹೊರಟ.

"ಸತ್ತಾಂವ ಟಾಂಗಾದಾಗ ಹ್ಯಾಂಗ ಕುಂತಾನ?" ಎಂದಳು ಚಂದಮ್ಮ.

"ಅಂವ... ಅಂವ ಅವನ ತಮ್ಮ!"

ಅಷ್ಟರಲ್ಲಿ ಹುಡುಗಿ ಓಡಿ ಬಂದು, "ಅಬ್ಬಾಜಾನ್!" ಎಂದು ಮುದುಕನನ್ನು ತಬ್ಬಿಕೊಂಡಳು. ಆ ಒಂದು ಮಾತು ಡೇರೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅಪ್ಪ! ನಗೆ ಡೇರೆಯ ಈ ತುದಿಯಿಂದ ಆ ತುದಿಗೆ ಹರಿಯಿತು. ಅವ್ವ ಕೂಡ ಸೆರಗು ಬಾಯಿಗೆ ಒತ್ತಿಕೊಂಡಳು.

ಗುರಮ್ಮ ಪರದೆಯಿಂದ ಕಣ್ಣು ಕಿತ್ತು ಲಂಗದ ಅಂಚನ್ನು ನೋಡತೊಡಗಿದಳು.

"ಮುಂದ?" ಎಂದಳು ಆಯಿ. ಅವಳೊಬ್ಬಳು ನಕ್ಕಿರಲಿಲ್ಲ.

ಗುರಮ್ಮ ಬಾಯಿ ತೆರೆದಳು. ಮಾತು ಬರಲಿಲ್ಲ. ಪಿಚ್ಚರು ಮುಗಿಯುವ ತನಕ ಮತ್ತೆ ಬರಲೂ ಇಲ್ಲ.

ಮನೆಗೆ ಹೋಗುವಾಗ ಆಯಿ ಅವಳ ಭುಜ ಹಿಡಿದು ನಡೆದಳು. ಬೈಯಲಿಲ್ಲ. ಸುಮ್ಮನೆ ತನಗೆ ತಾನೇ ಎಂಬಂತೆ, "ಇವತ್ತ ನನಗ ಏನೂ ಕಾಣಲಿಲ್ಲ," ಎಂದಳು.

ಜನರೆಲ್ಲ ನಕ್ಕಿದ್ದಕ್ಕಿಂತ ಗುರಮ್ಮನಿಗೆ ಆ ಮಾತೇ ಹೆಚ್ಚು ಚುಚ್ಚಿತು.

ಮರುದಿನ ಶಾಲೆಯಲ್ಲಿ ಕೇಳುವುದೇ ಬೇಡ. ಸ್ಲೇಟು ಮುಟ್ಟಿದರೆ, "ನಿನ್ನ ಬಂದೋಬಸ್ತ ಮಾಡ್ತೇನಿ!" ಚಾಪೆಯ ಮೇಲೆ ಜಾಗ ಕೇಳಿದರೆ, "ನಿನ್ನ ಬಂದೋಬಸ್ತ ಮಾಡ್ತೇನಿ!" ಚಂದಮ್ಮ ನಕ್ಕು ನಕ್ಕು ಬಿಕ್ಕಳಿಕೆ ಬರಿಸಿಕೊಂಡಳು.

ಗುರಮ್ಮ ಹಲ್ಲು ಕಚ್ಚಿ ಕೂತಳು. ಸಂಜೆ ಎರಡನೇ ಪಿಚ್ಚರಿತ್ತು. ಅದನ್ನಾದರೂ ಸರಿಯಾಗಿ ಹೇಳಬೇಕು. ಗೊತ್ತಿಲ್ಲದ ಮಾತುಗಳನ್ನೆಲ್ಲ ಯಾರನ್ನಾದರೂ ಕೇಳಿ ಕಲಿತುಕೊಳ್ಳಬೇಕು. ಯಾರನ್ನು ಎಂದು ಯೋಚಿಸಬೇಕಾಗಿರಲಿಲ್ಲ. ಶಾಲೆ ಬಿಟ್ಟಿದ್ದೇ ದರ್ಗಾದ ಓಣಿಗೆ ಓಡಿದಳು.

ಪ್ಯಾರಿಬಿಯ ಬಾಗಿಲು ಹಾಕಿತ್ತು.

"ಯಾರು?" ಒಳಗಿನಿಂದ ಸಣ್ಣ ದನಿ ಬಂತು. ಪ್ಯಾರಿಬಿಯ ದನಿ ಅಷ್ಟು ಸಣ್ಣಗಿರಬಹುದು ಎಂದು ಗುರಮ್ಮನಿಗೆ ಗೊತ್ತೇ ಇರಲಿಲ್ಲ.

"ನಾನು ಚಾಚಿ. ಸಾಬಮ್ಮನ ಮಗಳು ಗುರಮ್ಮ."

ಬಾಗಿಲು ಮೊದಲು ಅಂಗೈಯಷ್ಟು ತೆರೆಯಿತು. ಒಂದು ಕಣ್ಣು ಓಣಿಯ ಆ ಕಡೆ ಈ ಕಡೆ ನೋಡಿತು. ಆಮೇಲೆ ಬಾಗಿಲು ಪೂರ್ತಿ ತೆರೆಯಿತು.

"ಬಾ ಬೇಟಾ, ಬಾ. ಎಷ್ಟು ಎತ್ತರ ಆಗಿಯಲ್ಲ!"

ಸಣ್ಣ ಅಂಗಳ. ಮೂಲೆಯಲ್ಲಿ ಒಂದು ಕರಿ ಮೇಕೆ ಮೆಲುಕು ಹಾಕುತ್ತಿತ್ತು. ಹಗ್ಗದ ಮೇಲೆ ಒಂದು ಗಂಡಸರ ಅಂಗಿ ಒಣಗುತ್ತಿತ್ತು.

"ಗುಡುಸಾಬಣ್ಣ ಮನ್ಯಾಗ ಅದಾನೇನ್ರಿ?" ಎಂದು ಗುರಮ್ಮ ಕೇಳಿದಳು. ಗುಡುಸಾಬ ಪ್ಯಾರಿಬಿಯ ಒಬ್ಬನೇ ಮಗ.

"ಸೊಲ್ಲಾಪುರದ ಕಡೆ ಹೋಗ್ಯಾನ. ಗದ್ದಲದಾಗ ಹೋದಾಂವ. ಬರ್ತಾನ," ಎಂದು ಪ್ಯಾರಿಬಿ ಹೇಳಿ, ಸುಮ್ಮನೆ ಮಲಗಿದ್ದ ಮೇಕೆಯನ್ನು ಹಚಾ ಹಚಾ ಎಂದು ಗದರಿದಳು. "ನೀ ಎದಕ ಬಂದಿ, ಅದು ಹೇಳು."

"ಇಂತಿಜಾರ್ ಅಂದ್ರ ಏನ್ರಿ ಚಾಚಿ?"

"ಇಂತಿಜಾರ್ ಅಂದ್ರ ಕಾಯೂದು. ದಾರಿ ನೋಡ್ಕೋತ ಕೂಡೂದು. ಯಾಕ?"

ಗುರಮ್ಮ ಎಲ್ಲ ಹೇಳಿದಳು. ಬಂದೋಬಸ್ತು, ಸತ್ತ ಮುತ್ಯಾ, ಟಾಂಗಾ, ಅಬ್ಬಾಜಾನ್. ಹೇಳುತ್ತ ಹೇಳುತ್ತ ಅವಳಿಗೆ ಅಳು ಬರುವ ಹಾಗಾಯಿತು. ಆದರೆ ಪ್ಯಾರಿಬಿ ಕೆನ್ನೆಗೆ ಕೈ ಹಚ್ಚಿ ಕೂತವಳು ಮೊದಲು ಮೂಗಿನಲ್ಲಿ ನಕ್ಕಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೇಕೆ ಬೆಚ್ಚಿ ಎದ್ದು ನಿಂತಿತು.

"ಬಂದೋಬಸ್ತ! ಯಾ ಅಲ್ಲಾ! ಆ ಗಂಡಸರ ಕಡೆಯಿಂದ ನಗಿ ಬಂತಲ್ಲ, ಅದು ಅದಕ್ಕೇನು?"

"ನಿಮಗ ಹ್ಯಾಂಗ ಗೊತ್ರಿ?"

"ಇಲ್ಲಿ ತನಕ ಕೇಳಸ್ತದ ಬೇಟಾ. ಪಿಚ್ಚರಿನ ಮಾತು ಪೂರಾ ಕೇಳಸ್ತದ. ನಾನೂ ಹೇಳಿದೆ, ನಿನ್ನೆ."

"ಯಾರಿಗೆ?"

ಪ್ಯಾರಿಬಿ ಮೇಕೆಯ ಕಡೆ ಗಲ್ಲ ತೋರಿಸಿದಳು. "ಈಕಿಗೆ. ಪೂರಾ ಪಿಚ್ಚರ್ ಕನ್ನಡದಾಗ ಹೇಳಿದೆ. ಒಂದು ಸಲಾನೂ ಕಣ್ಣೀರ ಹಾಕಲಿಲ್ಲ, ಬದ್ಮಾಷ್!"

ಗುರಮ್ಮನಿಗೆ ನಗು ಬಂತು. ಕೂಡಲೇ ಏನೋ ಸರಿಯಿಲ್ಲ ಅನ್ನಿಸಿ ನಗು ನಿಂತಿತು. ಡೇರೆಯಲ್ಲಿ ಅಷ್ಟು ಹೆಂಗಸರು ಯಾರಾದರೂ ಹೇಳಲಿ ಎಂದು ಕೂತಿದ್ದರು. ಇಲ್ಲಿ ಪ್ಯಾರಿಬಿ ಒಬ್ಬಳೇ ಮೇಕೆಯ ಮುಂದೆ ಕೂತಿದ್ದಳು.

"ಹಂಗಿದ್ರ ನೀವು ಯಾಕ ಬರಲಿಲ್ರಿ?"

"ಯಾರು ಕರದ್ರು?"

"ಯಾವ ವರ್ಷಾನೂ ಯಾರೂ ಕರೀತಿರಲಿಲ್ಲಲ್ರಿ! ನೀವೇ ಎಲ್ಲಾರಕಿಂತ ಮೊದಲ ಬಂದು ಕೂಡ್ತಿದ್ರಿ!"

"ಆ ವರ್ಷ ಬ್ಯಾರೆ," ಎಂದಳು ಪ್ಯಾರಿಬಿ. "ಈ ವರ್ಷ ಬ್ಯಾರೆ." ಅವಳು ನೆಲದ ಮೇಲಿನ ಹುಲ್ಲುಕಡ್ಡಿ ಆರಿಸತೊಡಗಿದಳು. "ನಾ ಬಂದು ಕುಂತು, ಯಾರರೇ ಎದ್ದು ಆ ಕಡೆ ಸರಿದ್ರ?"

ಗುರಮ್ಮನೂ ಒಂದು ಹುಲ್ಲುಕಡ್ಡಿ ಆರಿಸಿ ಅವಳ ಕೈಗೆ ಕೊಟ್ಟಳು.

"ನಡೀ, ಅದು ಬಿಡು. ಯಾವ್ ಯಾವ್ ಮಾತು ತಿಳೀಲಿಲ್ಲ ಕೇಳು. ನಾ ಕಲಸ್ತೇನಿ. ಇವತ್ತ ನೀ ಛಂದ ಹೇಳಬೇಕು."

ಪ್ಯಾರಿಬಿ ಕಲಿಸಿದಳು. ಗುರಮ್ಮ ಕಲಿತಳು. ಆದರೆ ಮನೆಗೆ ಹೊರಟಾಗ ಅವಳು ಓಡಲಿಲ್ಲ, ನಡೆದಳು. ಇವತ್ತು ಚೆನ್ನಾಗಿ ಹೇಳಿದರೆ ನಿನ್ನೆ ನಕ್ಕವರೆಲ್ಲ ಬಾಯಿ ಮುಚ್ಚಿಕೊಳ್ಳುತ್ತಾರೆ. ಚಂದಮ್ಮನ ಬಿಕ್ಕಳಿಕೆ ನಿಲ್ಲುತ್ತದೆ. ಪ್ಯಾರಿಬಿ ಬಂದರೆ? ಗುರಮ್ಮನನ್ನು ಯಾರೂ ಕೇಳುವುದಿಲ್ಲ. ನಿನ್ನೆಯ ಪೆದ್ದಿಯಾಗಿಯೇ ಉಳಿಯುತ್ತಾಳೆ.

ಓಣಿಯ ತಿರುವಿನಲ್ಲಿ ನಿಂತು ಒಂದು ಕಲ್ಲನ್ನು ಒದ್ದಳು. ಮುಂದೆ ಹೋಗಿ ಅದೇ ಕಲ್ಲನ್ನು ಮತ್ತೆ ಒದ್ದಳು. ಮನೆ ಬಂದುಬಿಟ್ಟಿತು.

ಆಯಿ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಅವ್ವ ಜೋಳ ಹಸನು ಮಾಡುತ್ತಿದ್ದಳು.

"ಆಯಿ," ಎಂದಳು ಗುರಮ್ಮ, "ನನಗ ಹೇಳಾಕ ಬರಾಂಗಿಲ್ಲ. ಪ್ಯಾರಿಬಿ ಚಾಚಿ ಬರಬೇಕು. ಆಕಿ ನಿನ್ನೆ ಒಬ್ಬಾಕಿ ಅಂಗಳದಾಗ ಕುಂತು ಮೇಕಿಗೆ ಪಿಚ್ಚರ್ ಹೇಳ್ಯಾಳ."

ಅವ್ವನ ಮೊರ ನಿಂತಿತು. "ಮೇಕಿಗೆ?"

"ಹೌದು. ಯಾರೂ ಕರೀಲಿಲ್ಲಂತ."

"ನಾವು ಆಕೀನೇ ಬರಾಂಗಿಲ್ಲ ಅಂತ ತಿಳಕೊಂಡೇವಲ್ಲ," ಎಂದಳು ಅವ್ವ ಮೆಲ್ಲಗೆ. "ಹೋಗಿ ಏನಂತ ಮಾತಾಡೂದು ಅಂತ... ನಾನೂ ಹೋಗಲಿಲ್ಲ. ಯಾರೂ ಹೋಗಲಿಲ್ಲ."

ಆಯಿ ಕೋಲು ತಡವಿ ಎದ್ದಳು. "ಗುರಮ್ಮಾ, ಭುಜ ಕೊಡು."

"ಎಲ್ಲಿಗೆ ಹೊಂಟಿ ಅತ್ತಿ?" ಎಂದಳು ಅವ್ವ.

"ಮಾತಾಡಾಕ ಬರೋರು ಹೋಗಬೇಕಲ್ಲ."

ಅವ್ವ ಮೊರವನ್ನು ಅಲ್ಲೇ ಬಿಟ್ಟಳು. ಕೈ ಕೊಡವಿಕೊಂಡು, ಸೆರಗು ಸರಿ ಮಾಡಿಕೊಂಡು ಹಿಂದೆಯೇ ಬಂದಳು. ದಾರಿಯಲ್ಲಿ ಒಂದು ಸಲ ನಿಂತಳು. ಮತ್ತೆ ನಡೆದಳು.

ಪ್ಯಾರಿಬಿಯ ಬಾಗಿಲು ತೆರೆದದ್ದೇ ತಡ, ಆಯಿ ಕೋಲು ನೆಲಕ್ಕೆ ಕುಟ್ಟಿದಳು.

"ಏನ್ ಬೇ ಪ್ಯಾರಿ! ನನ್ನ ಕಣ್ಣ ತಗೊಂಡು ಮನ್ಯಾಗ ಕುಂತೀಯಲ್ಲ! ನರೋಣಾದಿಂದ ಬಂಡ್ಯಾಗ ಮೈ ಮುರಕೊಂಡು ಬಂದೇನಿ ನಾನು. ಒಂದು ಪಿಚ್ಚರ್ ಹೋತು ನಂದು. ಆ ಮೇಕಿ ಏನ್ ನಿನಗ ನನಗಿಂತ ಹೆಚ್ಚೇನು?"

ಪ್ಯಾರಿಬಿ ಏನೋ ಹೇಳಲು ಹೋದಳು. ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಅವ್ವ ಮುಂದೆ ಬಂದಳು. ಅವಳಿಗೆ ಆಯಿಯ ಹಾಗೆ ಮಾತು ಬರುವುದಿಲ್ಲ. ನೆಲ ನೋಡುತ್ತ, "ಜಾಗಾ ಹಿಡಿದೇವ್ರಿ ನಿಮಗ," ಎಂದಳು. "ನಟ್ಟನಡುವ. ಸಾರಿಸೀನೂ ಇಟ್ಟೇವಿ."

ಪ್ಯಾರಿಬಿ ಅವ್ವನ ಎರಡೂ ಕೈ ಹಿಡಿದುಕೊಂಡಳು. ಒಳಗಿನಿಂದ ಮೇಕೆ ಮ್ಯಾ ಎಂದಿತು.

ಆ ಸಂಜೆ ಪ್ಯಾರಿಬಿ ಡೇರೆಯ ಒಳಗೆ ಬಂದಾಗ ಹೆಂಗಸರ ಗಲಾಟೆ ಥಟ್ಟನೆ ನಿಂತಿತು. ಗುರಮ್ಮ ಸಾಲುಗಳನ್ನೆಲ್ಲ ಒಂದೊಂದಾಗಿ ನೋಡಿದಳು. ಯಾರಾದರೂ ಎದ್ದು ಸರಿದರೆ?

ಹೌದು, ಮುಂದೆ ಕೂತವಳೊಬ್ಬಳು ಸರಿದಳು. ಸರಿದು, ಪಕ್ಕದಲ್ಲಿ ಮಲಗಿದ್ದ ಮಗುವನ್ನು ಎತ್ತಿ ಮಡಿಲಿಗೆ ಹಾಕಿಕೊಂಡು, "ಇತ್ಲಾಗ ಬರ್ರಿ ಪ್ಯಾರಿಬಿ, ನಿಮ್ಮ ಬಾಜೂಕ ಕುಂತ್ರ ಛಲೋ ಕೇಳಸ್ತದ," ಎಂದಳು.

"ಆಕಿ ನನ್ನ ಬಾಜೂಕ ಕೂಡ್ತಾಳ!" ಎಂದಳು ಆಯಿ. ಜಗಳವೇ ಶುರುವಾಯಿತು. ಕೊನೆಗೆ ದೇವಿಂದ್ರಪ್ಪನವರೇ ತಟ್ಟಿಯ ಆಚೆಯಿಂದ, "ಯವ್ವಗೋಳ್ರ್ಯಾ, ಕೂಡ್ರಿ, ಇಂಜಿನ್ನು ಸುಮ್ಮನ ಎಣ್ಣಿ ಕುಡ್ಯಾಕತ್ತದ!" ಎಂದು ಕೂಗಬೇಕಾಯಿತು.

ಬಿಳಿ ಪರದೆ ಬೆಳಗಿತು. ಪ್ಯಾರಿಬಿ ಒಂದು ಸಲ ಕೆಮ್ಮಿ ಗಂಟಲು ಸರಿ ಮಾಡಿಕೊಂಡಳು.

ಮೊದಲ ಮಾತು ಸಣ್ಣ ದನಿಯಲ್ಲಿ ಬಂತು. ಎರಡನೆಯದು ಸ್ವಲ್ಪ ದೊಡ್ಡದಾಗಿ. "ಜೋರ್ಲೆ ಹೇಳ್ರಿ!" ಎಂದು ಗಂಡಸರ ಕಡೆಯಿಂದ ಯಾರೋ ಕೂಗಿದರು. ಅಷ್ಟೇ ಸಾಕಾಯಿತು. ಪ್ಯಾರಿಬಿಯ ಹಳೆಯ ದನಿ ಎದ್ದು ಬಂತು.

ಪರದೆಯ ಮೇಲೆ ಅತ್ತೆ ಸೊಸೆಗೆ ಬೈದಳು. ಸೊಸೆ ತಲೆ ಬಗ್ಗಿಸಿ, "ಜೀ," ಎಂದಳು. ಹೌದು ಎಂದಷ್ಟೇ ಅರ್ಥ.

"ಸೊಸಿ ಅಂತಾಳ," ಎಂದಳು ಪ್ಯಾರಿಬಿ, "ಅತ್ತಿ, ನೀವೂ ಒಂದು ದಿನ ಸೊಸಿ ಆಗಿದ್ರಿ. ನಿಮ್ಮ ರೊಟ್ಟಿನೂ ಒಂದು ದಿನ ಸೀದಿತ್ತು!"

ಹೆಂಗಸರು ಚಪ್ಪಾಳೆ ತಟ್ಟಿದರು. ಗುರಮ್ಮ ಗಕ್ಕನೆ ಪ್ಯಾರಿಬಿಯ ಕಡೆ ತಿರುಗಿದಳು. ಸೊಸೆ ಅಷ್ಟೆಲ್ಲ ಹೇಳಲೇ ಇಲ್ಲ! ತಪ್ಪು, ಪೂರಾ ತಪ್ಪು! ಹೇಳಬೇಕೆಂದು ಬಾಯಿ ತೆರೆದಳು. ಆಗ ಆಯಿಯ ಮುಖ ಕಂಡಿತು. ಹಲ್ಲಿಲ್ಲದ ಬಾಯಿ ಅಗಲ ಮಾಡಿ ಆಯಿ ನಗುತ್ತಿದ್ದಳು. ಪೊರೆ ಬಂದ ಕಣ್ಣುಗಳು ಪರದೆಯ ಕಡೆಗೇ ನೆಟ್ಟಿದ್ದವು.

ಗುರಮ್ಮ ಬಾಯಿ ಮುಚ್ಚಿದಳು.

ಆಮೇಲೆ ಅವಳಿಗೆ ಅದೇ ಒಂದು ಮೋಜಾಯಿತು. ಉರ್ದು ಒಂದು ಕಿವಿಯಲ್ಲಿ, ಪ್ಯಾರಿಬಿಯ ಕನ್ನಡ ಇನ್ನೊಂದು ಕಿವಿಯಲ್ಲಿ. ಕಳ್ಳ, "ಚಲೋ," ಅಂದರೆ ನಡಿ, ಎಂದಷ್ಟೇ ಹೇಳಿದರೆ ಪ್ಯಾರಿಬಿ ಅವನ ಬಾಯಲ್ಲಿ ನಾಲ್ಕು ಮಾತು ತುರುಕುತ್ತಿದ್ದಳು. ಪೊಲೀಸು ಒಂದು ಮಾತು ಅಂದರೆ ಇವಳು ಎಂಟು ಅಂದುಬಿಡುತ್ತಿದ್ದಳು. ಪಿಚ್ಚರಿನಲ್ಲಿ ಇಲ್ಲದ್ದೆಲ್ಲ ಪ್ಯಾರಿಬಿಯ ಪಿಚ್ಚರಿನಲ್ಲಿತ್ತು. ಇವಳ ಪಿಚ್ಚರೇ ಚೆಂದವಿತ್ತು!

ಕೊನೆಯ ರೀಲು ಬಂತು. ಎಲ್ಲಿಗೋ ಹೋಗಿದ್ದ ಮಗ ಎಷ್ಟೋ ಕಾಲದ ಮೇಲೆ ತನ್ನ ಮನೆಯ ಮುಂದೆ ಬಂದು ನಿಂತ. ಬಾಗಿಲು ತಟ್ಟಿದ. ತಾಯಿ ದೀಪ ಹಿಡಿದು ಬಂದು ತೆರೆದಳು. ಮಗನ ಮುಖ ನೋಡಿದಳು.

"ಆ ಗಯೇ, ಬೇಟಾ?"

"ಬಂದ್ಯಾ, ಮಗಾ?" ಎಂದಳು ಪ್ಯಾರಿಬಿ.

ಗುರಮ್ಮ ಮುಂದಿನ ಮಾತಿಗೆ ಕಾದಳು. ಈಗ ಪ್ಯಾರಿಬಿ ಏನೇನು ಸೇರಿಸುತ್ತಾಳೋ!

ಪರದೆಯ ಮೇಲಿನ ತಾಯಿ ಹೇಳಿದಳು: "ರೋಜ್ ತೇರಾ ಇಂತಿಜಾರ್ ಕಿಯಾ."

"ದಿನಾ ನಿನ್ನ ದಾರಿ ನೋಡಿದೆ," ಎಂದಳು ಪ್ಯಾರಿಬಿ.

ಅಷ್ಟೇ. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಪರದೆಯ ಮೇಲೆ ಎಷ್ಟಿತ್ತೋ ಅಷ್ಟೇ.

ಗುರಮ್ಮ ಮೆಲ್ಲಗೆ ತಿರುಗಿ ನೋಡಿದಳು. ಪ್ಯಾರಿಬಿ ನೆಟ್ಟಗೆ ಕೂತಿದ್ದಳು. ಪರದೆಯ ಬೆಳಕು ಅವಳ ಮುಖದ ಮೇಲೆ ಆಡುತ್ತಿತ್ತು. ಹಗ್ಗದ ಮೇಲೆ ಒಣಗುತ್ತಿದ್ದ ಅಂಗಿ ಗುರಮ್ಮನ ಕಣ್ಣ ಮುಂದೆ ಬಂತು. ಗುಡುಸಾಬಣ್ಣ ಮನೆಯಲ್ಲಿಲ್ಲ. ಆದರೂ ಅವನ ಅಂಗಿ ಒಗೆದು ಹಾಕಿತ್ತು.

ಯಾರೂ "ಮುಂದ?" ಎಂದು ಕೇಳಲಿಲ್ಲ. ಅವ್ವ ಹಿಂದಿನಿಂದ ಮುಂದಕ್ಕೆ ಸರಿದು ಕೂತಳು. ಆಯಿಯ ಕೈ ತಡಕಾಡಿ ಪ್ಯಾರಿಬಿಯ ಮೊಣಕಾಲು ಹುಡುಕಿ ಅಲ್ಲೇ ನಿಂತಿತು.

ಅಷ್ಟರಲ್ಲಿ ಕಳ್ಳ ಮತ್ತೆ ಬಂದ. ಪ್ಯಾರಿಬಿ ಮೂಗು ಏರಿಸಿ, ತೋಳು ಮೇಲೆ ಸರಿಸಿ, "ಬಂದ ನೋಡ್ರಿ ಹಾಳ ಮಾರಿಯಾಂವ!" ಎಂದು ಗುಡುಗಿದಳು. ಡೇರೆಯೆಲ್ಲ ನಕ್ಕಿತು.

ಪಿಚ್ಚರು ಮುಗಿದು ಜನ ಎದ್ದಾಗ ಪ್ಯಾರಿಬಿಯ ಸುತ್ತ ಹೆಂಗಸರು ಮುತ್ತಿಕೊಂಡರು. ಒಬ್ಬಳು ಅವಳ ಸೆರಗಿಗೆ ಶೇಂಗಾ ಸುರಿದಳು. ಇನ್ನೊಬ್ಬಳು, "ಆ ಸೊಸಿ ಅತ್ತಿಗೆ ಕೊಟ್ಟಳಲ್ಲ ಜವಾಬು, ಇನ್ನೊಮ್ಮೆ ಹೇಳ್ರಿ, ನಮ್ಮ ಅತ್ತಿಗೆ ಕೇಳಿಸಬೇಕು," ಎಂದಳು. ಚಂದಮ್ಮ ಗುರಮ್ಮನ ಕಿವಿಯಲ್ಲಿ ಏನೋ ಹೇಳಲು ಬಂದಳು. ಬಂದೋಬಸ್ತಿನ ಮಾತೇ ಇರಬೇಕು ಎಂದುಕೊಂಡ ಗುರಮ್ಮ ಅವಳಿಗಿಂತ ಮೊದಲು ತಾನೇ ನಕ್ಕುಬಿಟ್ಟಳು.

ಓಣಿಯ ಬಾಯಿಯಲ್ಲಿ ಪ್ಯಾರಿಬಿ ಗುರಮ್ಮನ ಗಲ್ಲ ಹಿಡಿದಳು. "ನಾಳಿ ಕರ್ಯಾಕ ಬರಬ್ಯಾಡ ಬೇಟಾ. ನಾನೇ ಬರ್ತೇನಿ."

"ಹೂಂ ಚಾಚಿ," ಎಂದಳು ಗುರಮ್ಮ.

ಮರುದಿನ ಹೊತ್ತು ಇಳಿಯುವ ಮೊದಲೇ ಗುರಮ್ಮ ಮುಖ ತೊಳೆದು, ತಲೆ ಬಾಚಿಕೊಂಡು ಹೊರಟಳು.

"ಎಲ್ಲಿಗೆ ಬೇ?" ಎಂದಳು ಅವ್ವ.

"ಚಾಚೀನ ಕರ್ಯಾಕ."

"ಕರೀಬ್ಯಾಡ, ನಾನೇ ಬರ್ತೇನಿ ಅಂದಿದ್ಳಲ್ಲ ಆಕಿ?"

"ಹೌದು. ಅಂದಾಳ," ಎಂದಳು ಗುರಮ್ಮ. ಅಂದವಳೇ ನಡೆದುಬಿಟ್ಟಳು.

ದರ್ಗಾದ ಓಣಿ ತಿರುಗಿದಾಗ ಪ್ಯಾರಿಬಿಯ ಬಾಗಿಲು ತೆರೆದಿತ್ತು. ಅವಳು ಒಗೆದ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಚಪ್ಪಲಿ ಮೆಟ್ಟಿ, ಹೊಸ್ತಿಲ ಮೇಲೆ ಕೂತಿದ್ದಳು. ಎಷ್ಟು ಹೊತ್ತಿನಿಂದ ಕೂತಿದ್ದಳೋ.

"ಬರ್ರಿ ಚಾಚಿ," ಎಂದು ಗುರಮ್ಮ ಕೈ ಚಾಚಿದಳು.